ಮುಂಗೋಣೆಗೆ ಬರುವ ನೆರಳು

ಮನೆಯ ಮುಂಗೋಣೆಯಿಂದ,
ಫೆಬ್ರವರಿ ೯, ಸಂಜೆ

ಪ್ರೀತಿಯ ಅಣ್ಣಾ,

ಬೆನ್ನುನೋವು ಹೇಗಿದೆ? ಹಡಗಿನ ಎಂಜಿನ್ ಕೋಣೆಯ ಸೆಕೆಯಲ್ಲಿ ನೀರು ಕುಡಿಯುವುದನ್ನು ನೀನು ಮರೆಯುತ್ತೀಯೆಂದು ಗೊತ್ತು, ಮರೆಯಬೇಡ. ನಾನು ಚೆನ್ನಾಗಿದ್ದೇನೆ. ಅಪ್ಪ ಹೊಟ್ಟೆ ತುಂಬ ಉಣ್ಣುತ್ತಾರೆ, ನಿದ್ದೆಯೂ ಬರುತ್ತಿದೆ. ಲಕ್ವ ಹೊಡೆದಾಗ ಹೋದ ಮಾತು ಮಾತ್ರ ಇನ್ನೂ ಮರಳಿಲ್ಲ.

ರಜೆ ಮುಗಿಸಿ ಹೊರಡುವ ಮುನ್ನ ಗಾಳಿಯಂತ್ರದ ಕಂಪನಿಗೆ ನೀನು ಕೊಟ್ಟ ದೂರಿಗೆ ಫಲ ಸಿಕ್ಕಿದೆ. ಸುತ್ತಲಿನ ಮನೆಗಳ ಅಹವಾಲು ಕೇಳುವುದೇ ಕೆಲಸವಾಗಿರುವ ಮೇಡಂ ಒಬ್ಬರು ಬಂದಿದ್ದರು. ಆ ಉದ್ದನೆಯ ರೆಕ್ಕೆಗಳನ್ನು ಹೊತ್ತ ಲಾರಿಗಳ ಭಾರಕ್ಕೆ ಕುಸಿದಿದ್ದ ರಸ್ತೆಗೆ ಹೊಸ ಡಾಂಬರು ಬಿದ್ದಿದೆ. ಯಂತ್ರಗಳು ಬಂದ ಮೇಲೆ ಚಿತ್ರ ನಡುಗುತ್ತಿದ್ದ ಪಕ್ಕದ ಮನೆಯ ಟೀವಿಗೆ ಬೇರೆ ಆಂಟೆನಾ ಹಾಕಿಕೊಟ್ಟರು. "ಟೀವಿ ಸರಿಹೋಯ್ತು ಮೇಡಂ, ಆದ್ರೆ ಈಗ ನಮ್ಮನೆಯವ್ರು ಸೋಫಾ ಬಿಟ್ಟು ಏಳ್ತಿಲ್ಲ. ಅದಕ್ಕೂ ದೂರು ಬರ್ಕೊಳ್ತೀರಾ?" ಎಂದು ಅಲ್ಲಿಯ ಆಂಟಿ ಕೇಳಿದಾಗ ಮೇಡಂ ಪೆನ್ನಿನ ಕ್ಯಾಪು ಮುಚ್ಚಿ ನಕ್ಕರು.

ನಮ್ಮ ಮನೆಯ ದೂರಿನ ಕೆಲಸ ಮಾತ್ರ ತಡವಾಯಿತು. ಸಂಜೆ ಸೂರ್ಯ ಯಂತ್ರದ ಹಿಂದೆ ಇಳಿಯುವಾಗ ರೆಕ್ಕೆಗಳ ನೆರಳು ಕಿಟಕಿಯಿಂದ ನುಗ್ಗಿ, ಗೋಡೆಯನ್ನು ಮಬ್ಬಾಗಿಸಿ, ಬೆಳಗಿಸಿ, ಮತ್ತೆ ಮಬ್ಬಾಗಿಸುತ್ತಿತ್ತಲ್ಲ. "ಯಾರೋ ಸ್ವಿಚ್ ಹಿಡ್ಕೊಂಡು ಆಟ ಆಡ್ತಿರೋ ಹಾಗಿದೆ, ಅಪ್ಪನ ತಲೆ ಏನಾಗ್ಬೇಡ?" ಎಂದು ರೇಗಿದ್ದೆ. ಆ ಹೊತ್ತಿಗೆ ಯಂತ್ರ ತಾನಾಗಿ ನಿಲ್ಲುವಂತೆ ಮಾಡಲು ಕಂಪನಿಯವರಿಗೆ ಕೆಲವು ವಾರ ಬೇಕಾಯಿತು. ಅಲ್ಲಿಯವರೆಗೆ ನಾನು ಪರದೆ ಎಳೆಯುತ್ತಿದ್ದೆ. ಒಂದು ದಿನ ಅದನ್ನು ಒಗೆಯಲು ತೆಗೆದಿದ್ದೆ.

ಗಾಳಿ ಸೋಮಾರಿಯಾಗಿದ್ದ ಸಂಜೆ ಅದು. ನೆರಳು ಆತುರವಿಲ್ಲದೆ ಬರುತ್ತಿತ್ತು, ಹೋಗುತ್ತಿತ್ತು. ಕೋಣೆಯೇ ಉಸಿರಾಡುತ್ತಿದೆ ಎನಿಸಿತು. ಅಪ್ಪನ ಮಡಿಲಲ್ಲಿ ಜೀವವಿಲ್ಲದೆ ಬಿದ್ದಿರುತ್ತಿದ್ದ ಬಲಗೈ ಎದ್ದಿತು. ಬೆಳಕಿಗೆ ಮುಂದೆ ಚಾಚಿತು, ನೆರಳು ಬೀಳುವ ಮುನ್ನ ಹಿಂದೆ ಬಂತು. ನಡುಕವೆಂದುಕೊಂಡೆ. ಆಮೇಲೆ ತುಟಿ ಚೂಪು ಮಾಡಿ ಮೆಲ್ಲಗೆ ಊದಿದರು, ಅಂಟಿಕೊಂಡ ಹಾಳೆಗಳನ್ನು ಬಿಡಿಸಲು ಊದುತ್ತಿದ್ದ ಹಾಗೆ. ಅಣ್ಣಾ, ಅವರು ತಮ್ಮ ಹಳೆಯ ಪ್ರೆಸ್ಸಿನಲ್ಲಿದ್ದರು. ಮುದ್ರಣಯಂತ್ರ ಬಾಯಿ ತೆರೆದಾಗ ಹಾಳೆ ಇಟ್ಟು, ಅದು ಮುಚ್ಚುವ ಮೊದಲು ಕೈ ತೆಗೆಯುತ್ತಿದ್ದರು. ನಾನು ನೆಲದ ಮೇಲೆ ಕೂತು, ಚಿಕ್ಕವಳಿದ್ದಾಗಿನಂತೆ, ಕಾಣದ ಹಾಳೆಗಳನ್ನು ಒಂದೊಂದಾಗಿ ಒಣಗಲು ಹರಡಿದೆ. ಶಾಯಿಯ ವಾಸನೆ ಬಂತೆಂದರೆ ನಗಬೇಡ. ಪರದೆಯನ್ನು ಮತ್ತೆ ಹಾಕಲಿಲ್ಲ. ಅಪ್ಪ ದಿನಾ ಸಂಜೆ ಕೆಲಸಕ್ಕೆ ಹೋಗತೊಡಗಿದರು.

ಮೊನ್ನೆಯಿಂದ ಆ ಹೊತ್ತಿಗೆ ಸರಿಯಾಗಿ ಯಂತ್ರ ನಿಲ್ಲುತ್ತಿದೆ. ಗೋಡೆಯ ಮೇಲೆ ಬಿಸಿಲು ಅಚ್ಚಾಗದ ಹಾಳೆಯಂತೆ ಅಲುಗದೆ ಮಲಗಿರುತ್ತದೆ. ಅಪ್ಪನ ಕೈ ಅರ್ಧ ಎದ್ದು ಕಾಯುತ್ತದೆ. ನೀನು ನಮಗೋಸ್ಕರವೇ ಮಾಡಿದ್ದು, ಬೀದಿಯವರೆಲ್ಲ ಹೊಗಳುತ್ತಾರೆ. ಹೀಗಾಗಿ ಇದಕ್ಕಿಂತ ಹೆಚ್ಚು ಬರೆಯಲು ತೋಚುತ್ತಿಲ್ಲ.

ಜೋಪಾನ. ನಿನ್ನ ಸಮುದ್ರ ಶಾಂತವಾಗಿರಲಿ.

ನಿನ್ನ
ತಂಗಿ

ಪತ್ರ ಮಡಿಸುತ್ತಿದ್ದವಳು ಮತ್ತೆ ಬಿಚ್ಚಿದ್ದೇನೆ. ಅಪ್ಪ ಈಗ ಮಾತಾಡಿದರು! ನಿಂತ ರೆಕ್ಕೆಗಳನ್ನು ನೋಡಿ, "ಕರೆಂಟ್ ಹೋಯ್ತಾ?" ಅಂದರು, ಪ್ರೆಸ್ಸಿನ ಯಂತ್ರ ನಿಂತಾಗ ಕೇಳುತ್ತಿದ್ದ ಹಾಗೆ. ಅಣ್ಣಾ, ಆ ಹೊತ್ತಿಗೆ ಯಂತ್ರ ಮತ್ತೆ ತಿರುಗಬೇಕಾದರೆ ದೂರು ಕೊಟ್ಟವರೇ ಅದನ್ನು ವಾಪಸು ತೆಗೆದುಕೊಳ್ಳಬೇಕಂತೆ. ಆ ಹೊತ್ತಿನ ನೆರಳು ಬೀಳುವುದು ನಮ್ಮ ಮನೆಯೊಂದರ ಮೇಲೇ. ಬಂದರಿನಲ್ಲಿ ಇದು ಕೈಸೇರಿದ ಕೂಡಲೇ ಮೇಡಂಗೆ ಫೋನ್ ಮಾಡು. ಸೂರ್ಯ ದಿನೇ ದಿನೇ ಉತ್ತರಕ್ಕೆ ಸರಿಯುತ್ತಿದ್ದಾನೆ, ಇನ್ನು ಸ್ವಲ್ಪ ದಿನಕ್ಕೆ ನೆರಳು ನಮ್ಮ ಕಿಟಕಿ ದಾಟಿಬಿಡುತ್ತದೆ. "ಅಣ್ಣಂಗೆ ಹೇಳ್ತಿದ್ದೀನಿ ಅಪ್ಪಾ, ಬರತ್ತೆ" ಅಂದಿದ್ದೇನೆ. ಅವರು ಕೈ ಇನ್ನೂ ಕೆಳಗಿಳಿಸಿಲ್ಲ.