ನಾಲ್ಕನೇ ಪುಟದಲ್ಲೇ ಉಳಿದುಹೋದ ಮಾತು

ನಾಗರಿಕ ವಿಮಾನಯಾನದ ಮೇಲಧಿಕಾರಿಗಳಿಗೆ,

ಮಾನ್ಯರೇ, "ತಿರುಗಿ ಹೇಳಿ" ಎಂದು ಷಡಕ್ಷರಿ ಪೈಲಟ್‌ರನ್ನು ಕೇಳಿದ್ದ. ಕೇಳಲಿಲ್ಲವೆಂದು ನಿಮ್ಮ ವಿಚಾರಣಾ ವರದಿ ಹೇಳುತ್ತದೆ. ಅದು ಸುಳ್ಳು.

ಅಮೃತೂರಿನ ಸಿದ್ದಗಂಗಮ್ಮನ ಮಗ ಷಡಕ್ಷರಿ, ವಿಮಾನ ನಿಲ್ದಾಣವೊಂದರ ಗೋಪುರದಲ್ಲಿ ಕುಳಿತು ರೇಡಿಯೋದಲ್ಲಿ ಪೈಲಟ್‌ಗಳಿಗೆ ಸೂಚನೆ ಕೊಡುವ ನಿಯಂತ್ರಕನಾಗಿದ್ದ. ೧೯೮೩ರ ಆಗಸ್ಟಿನ ಒಂದು ಬೆಳಿಗ್ಗೆ ಬೀರಯ್ಯ ಎಂಬ ನೌಕರರು ರನ್‌ವೇ ಅಂಚಿನ ದೀಪ ಸರಿಪಡಿಸುತ್ತಿದ್ದರು. ಹೊರಡಲಿದ್ದ ವಿಮಾನಕ್ಕೆ ಷಡಕ್ಷರಿ, ರನ್‌ವೇಗೆ ಬರದೆ ಹೊರಗೇ ನಿಲ್ಲುವಂತೆ ಹೇಳಿದ. ಪೈಲಟ್ "ಸರಿ" ಎಂದರು. ಬರಿಯ 'ಸರಿ' ಸಾಲದು, ಕೇಳಿಸಿಕೊಂಡ ಸೂಚನೆಯನ್ನು ಪೈಲಟ್ ತಿರುಗಿ ಹೇಳಬೇಕು, ಅದು ಆ ಕೆಲಸದ ಪದ್ಧತಿ. ಮುಂದಿನದು ಇಂಗ್ಲಿಷಿನಲ್ಲಿ ನಡೆದ ಮಾತು, ಕನ್ನಡಿಸಿ ಕೊಡುತ್ತಿದ್ದೇನೆ.

"ನಾನು ಹೇಳಿದ್ದನ್ನು ದಯವಿಟ್ಟು ತಿರುಗಿ ಹೇಳಿ."

"ನಿನ್ನ ವಯಸ್ಸಿಗಿಂತ ಹೆಚ್ಚು ವರ್ಷ ಹಾರಿದ್ದೇನೆ. ನನಗೆ ಪಾಠ ಹೇಳಬೇಡ."

ಷಡಕ್ಷರಿ ಇನ್ನೊಮ್ಮೆ ಕೇಳಲಿಲ್ಲ. ಹೊರಡಲು ಅನುಮತಿ ಸಿಕ್ಕಿತೆಂದೇ ಪೈಲಟ್ ತಿಳಿದಿದ್ದರಂತೆ. ಇವನು "ನಿಲ್ಲಿ" ಎಂದು ಕೂಗುವಷ್ಟರಲ್ಲಿ ವಿಮಾನ ರನ್‌ವೇ ಮೇಲಿತ್ತು. ಬೀರಯ್ಯ ಉಳಿಯಲಿಲ್ಲ.

ರೇಡಿಯೋ ಮಾತುಗಳ ಟೇಪಿನಿಂದ ನಿಮ್ಮ ಕಚೇರಿಯೇ ಬರೆದು, ವಿಚಾರಣೆಯಲ್ಲಿ ಷಡಕ್ಷರಿಗೂ ಕೊಟ್ಟ ಪ್ರತಿಯ ನಾಲ್ಕನೇ ಪುಟದಲ್ಲಿ ಇದೆಲ್ಲ ಇದೆ. ವರದಿಯಲ್ಲಿ ಮಾತ್ರ, "ಸೂಚನೆಯನ್ನು ತಿರುಗಿ ಹೇಳಿಸದಿದ್ದುದು ನಿಯಂತ್ರಕನ ನಿರ್ಲಕ್ಷ್ಯ" ಎಂದಿದೆ. ಪೈಲಟ್ ಅವರ ಸುದೀರ್ಘ ಅನುಭವಕ್ಕೆ ಅರ್ಧ ಪುಟ, ಬೀರಯ್ಯನವರಿಗೆ ಅರ್ಧ ಸಾಲು. ಷಡಕ್ಷರಿಯ ಒಂದು ವಾಕ್ಯಕ್ಕೆ ನಿಮ್ಮಲ್ಲಿ ಕಾಗದ ಮುಗಿದಿತ್ತೆ? ದೊಡ್ಡವರ ಗದರಿಕೆಯನ್ನು ದಾಖಲಿಸುವುದು ಅವಿನಯವೆ?

ಇನ್ನೊಮ್ಮೆ ಏಕೆ ಕೇಳಲಿಲ್ಲ ಎನ್ನುವಿರಾದರೆ, ಅದಕ್ಕೆ ಉತ್ತರ ನಾನು. ಅವನಿಗೆ ಅಕ್ಷರ ಕಲಿಸಿದವನು ನಾನೇ. "ಇನ್ನೊಂದ್ಸಲ ಹೇಳಿ ಸಾ" ಅಂದವರಿಗೆಲ್ಲ, "ಕಿವಿ ಎಲ್ಲಿ ಮೇಯಕ್ ಬಿಟ್ಟಿದ್ಯೋ?" ಎಂದು ಬೆತ್ತ ಎತ್ತುತ್ತಿದ್ದೆ. ಆ ಪಾಠವನ್ನು ಅವನು ಚೆನ್ನಾಗಿಯೇ ಕಲಿತ.

ಕೆಲಸ ಹೋದ ಮೇಲೆ ಅವನು ಗುಬ್ಬಿ–ತುಮಕೂರು ಖಾಸಗಿ ಬಸ್ಸಿನ ಕಂಡಕ್ಟರ್. ಹೋದ ವಾರ ಅದೇ ಬಸ್ಸು ಹತ್ತಿದ್ದೆ. ಮುಂದೆ ಕೂತ ಹೆಂಗಸು ಆಗಲೇ ಊರು ಹೇಳಿದ್ದರೂ ಅವನು ಮತ್ತೆ ಕೇಳಿದ.

"ಎಲ್ಲಿಗಮ್ಮಾ? ಇನ್ನೊಂದ್ಸಲ ಹೇಳಿ."

"ತುಮ್ಕೂರ್ಗೆ ಕಣಪ್ಪಾ! ಒಳ್ಳೆ ಕಿವುಡ್ ಕಂಡಕ್ಟ್ರು ಸಿಕ್ದ ಬುಡು."

ಬಸ್ಸೆಲ್ಲ ನಕ್ಕಿತು. "ತುಮಕೂರಿಗೆ ಒಂದು" ಎಂದು ತಾನೂ ಗಟ್ಟಿಯಾಗಿ ಹೇಳಿ ಅವನು ಟಿಕೆಟ್ ಹರಿದ. ನನ್ನನ್ನೂ ಹಾಗೆಯೇ ಕೇಳಿದ. ನಾನು ಎರಡು ಸಲ ಹೇಳಿದೆ.

ಅವನ ತಾಯಿ ನನ್ನ ಜಗಲಿಗೆ ಬಂದು ಕೂರುತ್ತಾರೆ. "ಮೇಷ್ಟ್ರೇ, ನನ್ ಮಗ ಕೇಳಿದ್ರೆ ಆ ಮನ್ಸ ಬದುಕ್ತಿದ್ನಂತೆ. ದಿಟ್ವಾ?"

"ಕೇಳಿದಾನೆ ಕಣಮ್ಮ. ನಾನೇ ಓದಿದೀನಿ."

"ಮತ್ತೆ ದೊಡ್ಡೋರು ಯಾಕ್ ಬರೀನಿಲ್ಲ?"

ಅವನಿಗೆ ಕೆಲಸ ಮರಳಿ ಕೊಡಿರೆಂದು ಬೇಡುವುದಿಲ್ಲ. ಆ ಗೋಪುರ ಅವನು ಇನ್ನು ಹತ್ತಲಾರ. ನಾಲ್ಕನೇ ಪುಟದ ಆ ಎರಡು ಮಾತನ್ನೂ ವರದಿಗೆ ಸೇರಿಸಿ, ಸಹಿ ಹಾಕಿ, ಸಿದ್ದಗಂಗಮ್ಮನವರ ವಿಳಾಸಕ್ಕೆ ಕಳುಹಿಸಿ. ನನ್ನ ಹಿಂದಿನ ಮೂರು ಪತ್ರಗಳಿಗೆ "ತಮ್ಮ ಪತ್ರ ತಲುಪಿದೆ" ಎಂದಷ್ಟೇ ಉತ್ತರ ಬಂತು. ಈ ಸಲ ಅದು ಸಾಲದು. ಬರಿಯ 'ಸರಿ'ಯಿಂದ ಏನಾಗುತ್ತದೆಂದು ಬೀರಯ್ಯನವರ ಮನೆಯವರನ್ನು ಕೇಳಿ. ನಾನು ಏನು ಕೇಳಿದ್ದೇನೆಂಬುದನ್ನು ದಯವಿಟ್ಟು ತಿರುಗಿ ಹೇಳಿ.

ಇಂತಿ,
ಬೆತ್ತ ಕೆಳಗಿಡಲು ತಡಮಾಡಿದ ಒಬ್ಬ ಮೇಷ್ಟ್ರು
ಅಮೃತೂರು, ಕುಣಿಗಲ್ ತಾಲ್ಲೂಕು, ೧೯೮೫