ನಮ್ಮತ್ತೆ ಮಾವನ ಜಗಳ ವಾಪಸ್ ಕೊಡಿಸಿ

ಆಸ್ಪತ್ರೆಯ ಗಣಕ ವಿಭಾಗದ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ನಿಮ್ಮ ಮೂರು ಸ್ಥಳಾಂತರ ಯೋಜನೆಗಳ ನಡುವೆ ನಮ್ಮ ಮಾವನವರ ಕಿವಿ ಕಳೆದುಹೋಗಿದೆ. ದಯವಿಟ್ಟು ಹುಡುಕಿಸಿ ಕೊಡಿ. ಗುಟ್ಟಾಗಿ ಕೇಳಿ ಕೇಳಿ ಸಾಕಾಗಿ ಈಗ ಊರೆದುರು ಕೇಳುತ್ತಿದ್ದೇನೆ.

ಮಾವ ಬಸ್ ಓಡಿಸುತ್ತಿದ್ದವರು. ಎಂಜಿನ್ನಿನ ಪಕ್ಕ ಕೂತೇ ಕಿವಿ ಸವೆಸಿಕೊಂಡರು. ಶ್ರವಣಯಂತ್ರ ಕೊಟ್ಟವರು ನಿಮ್ಮ ಆಸ್ಪತ್ರೆಯವರೇ. ಆ ಉಪಕಾರ ಮರೆತಿಲ್ಲ. ಆದರೆ ಯಂತ್ರ ಸಿಕ್ಕರೆ ಸಾಲದು, ಯಾವ ಸದ್ದನ್ನು ಏರಿಸಬೇಕು, ಯಾವುದನ್ನು ತಗ್ಗಿಸಬೇಕು ಎಂದು ಆಯಾ ಕಿವಿಗೆ ಹೊಂದಿಸಬೇಕು. ನಿಮ್ಮ ಶ್ರವಣ ತಜ್ಞೆ ತಿಂಗಳುಗಟ್ಟಲೆ ಹೆಣಗಿದರು. ಎಲ್ಲರ ಮಾತೂ ಕೇಳತೊಡಗಿತು, ನಮ್ಮತ್ತೆಯ ತೆಳು ದನಿಯೊಂದನ್ನು ಬಿಟ್ಟು. ಕೊನೆಗೆ ತಜ್ಞೆ ಅತ್ತೆಯನ್ನು ಮಾವನ ಬೆನ್ನ ಹಿಂದೆ ಕೂರಿಸಿ, "ಅಮ್ಮಾ, ಮನೇಲಿ ಹೇಗೆ ಮಾತಾಡ್ತೀರೋ ಹಾಗೇ ಮಾತಾಡಿ" ಅಂದರು.

"ಮನೇಲಿ ಬೈತೀನಿ."

"ಹಾಗಾದ್ರೆ ಬೈರಿ."

ಅತ್ತೆಗೆ ಅಷ್ಟು ಸಾಕಾಗಿತ್ತು. ಹಾಸಿಗೆಯ ಮೇಲೆ ಬಿಸಾಡಿದ ಒದ್ದೆ ಟವಲಿನಿಂದ ಶುರುಮಾಡಿದರು. ತಜ್ಞೆ ಏನೇನೋ ತಿರುಗಿಸುತ್ತಿದ್ದಂತೆ ಮಾವ ಥಟ್ಟನೆ ಹಿಂದೆ ತಿರುಗಿ, "ಟವಲ್ ಹಾಕಿದ್ದು ನಾನಲ್ಲ ಕಣೇ!" ಎಂದರು. ತಜ್ಞೆ ಚಪ್ಪಾಳೆ ತಟ್ಟಿ ಆ ಹೊಂದಿಕೆಯನ್ನು ಕಂಪ್ಯೂಟರಿನಲ್ಲಿ ಉಳಿಸಿದರು. ಹೌದು, ಟವಲ್ ಹಾಕಿದ್ದು ಅವರೇ.

ಈಚೆಗೆ ಆ ಯಂತ್ರ ಅಂಗಿಯ ಜೇಬಿನಲ್ಲಿ ಕೂತು ಬಟ್ಟೆಯ ಜೊತೆ ತೊಳೆದುಹೋಯಿತು. ನೀವು ಕೂಡಲೇ ಹೊಸದು ಕೊಟ್ಟಿರಿ. ಅದರೊಳಗೆ ಹಳೆಯ ಹೊಂದಿಕೆ ತುಂಬಬೇಕಷ್ಟೆ. ಆದರೆ ಅಷ್ಟರಲ್ಲಿ ನಿಮ್ಮ ಆಧುನೀಕರಣ ಬಂದು, ತಜ್ಞೆಯ ಹಳೆಯ ಕಂಪ್ಯೂಟರನ್ನು ಅವರೇ ಮುಟ್ಟದಂತೆ ಮಾಡಿಬಿಟ್ಟಿತ್ತು.

ದಾಖಲೆಗಳನ್ನು ಸಾಗಿಸಲು ಒಂದು ತಂಡ, ಉಪಕರಣಗಳನ್ನು ಸಾಗಿಸಲು ಇನ್ನೊಂದು, ರೋಗಿಗಳ ಭೇಟಿಯ ಸಮಯವನ್ನು ಫೋನಿಗೆ ಸಾಗಿಸಲು ಮತ್ತೊಂದು. ಹೊಂದಿಕೆ ಉಪಕರಣದ ಕಂಪ್ಯೂಟರಿನೊಳಗಿದೆ, ಆದ್ದರಿಂದ ನಮ್ಮದಲ್ಲ ಎಂದು ದಾಖಲೆಯವರು. ಅದು ದಾಖಲೆ, ನಾವು ಹೊರುವುದು ಡಬ್ಬಿಗಳನ್ನು ಮಾತ್ರ ಎಂದು ಉಪಕರಣದವರು. ಮೂರೂ ತಂಡ ಬಂದು ಆ ಒಂದೇ ಕಂಪ್ಯೂಟರಿಗೆ ಮೂರು ಬೇರೆ ಬೇರೆ ಸಂಖ್ಯೆಯ ಚೀಟಿ ಅಂಟಿಸಿವೆ. ಒಳಗೇನಿದೆ ಎಂದು ನೋಡಿದವರಿಲ್ಲ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನೋಣವೆಂದರೆ, ಇಲ್ಲಿ ಎಳೆಯುವವರೇ ಇಲ್ಲ.

ಮೂರನೆಯ ತಂಡವಂತೂ ಮಾವನಿಗೆ ಫೋನ್ ಮಾಡಿತು. ಕಿವಿಯ ವಿಭಾಗದ ರೋಗಿಗೆ ಫೋನ್! ಅತ್ತೆ ಎತ್ತಿಕೊಂಡು, "ಅವ್ರಿಗೆ ಕೇಳ್ಸಲ್ಲಮ್ಮ, ನಂಗೆ ಹೇಳಿ" ಎಂದರು. "ರೋಗಿನೇ ಮಾತಾಡ್ಬೇಕು, ನಿಯಮ" ಎಂಬ ಉತ್ತರ ಬಂತು. ಈಗ ಮಾವನ ಹೆಸರಿನ ಮುಂದೆ 'ಸ್ಪಂದಿಸಿಲ್ಲ' ಎಂದು ಬರೆದಿದೆ. ಕಿವುಡನ ಮುಂದೆ ಕಿನ್ನರಿ ಬಾರಿಸಿ, ಅವನು ತಲೆದೂಗಲಿಲ್ಲ ಎಂದು ಷರಾ ಹಾಕುವವರನ್ನು ಇದೇ ಮೊದಲು ಕಂಡೆ.

ನಿಮ್ಮವರಿಗೆ ಹಂಚಿಕೊಳ್ಳಲು ಬರುವುದಿಲ್ಲವೇ? ಧಾರಾಳವಾಗಿ ಬರುತ್ತದೆ. ಮೂರೂ ತಂಡ ಒಂದೇ ದೊಡ್ಡ ಕೋಣೆಯಲ್ಲಿ, ಸೊಂಟದೆತ್ತರದ ಹಲಗೆಗಳ ಆಚೀಚೆ ಕೂತಿವೆ. ನಾನು ಬೆಂಚಿನ ಮೇಲೆ ಕಾಯುತ್ತಿದ್ದಾಗ ದಾಖಲೆಯವರ ಸ್ಟೇಪ್ಲರ್ ಹಲಗೆ ದಾಟಿ ಉಪಕರಣದವರ ಬಳಿ ಹೋಯಿತು. ಅಲ್ಲಿಂದ ಒಂದು ಬಿಸ್ಕತ್ತಿನ ಪೊಟ್ಟಣ ಈಚೆಗೆ ಬಂತು. ಆಮೇಲೆ ಒಂದು ಕುರ್ಚಿಯೂ ದಾಟಿತು. ಕುರ್ಚಿ ದಾಟುವ ಕಡೆ ಒಂದು ಕಡತ ದಾಟಬಾರದೇ? ಮಾವನದು ನಿಜವಾದ ಕಿವುಡು ಸ್ವಾಮಿ, ನಿಮ್ಮದು ಜಾಣ ಕಿವುಡು. ಅದಕ್ಕೆ ಯಾವ ಯಂತ್ರ ಕೊಡುತ್ತೀರಿ?

ಹೋಗಲಿ, ಹೊಸದಾಗಿ ಹೊಂದಿಸೋಣವೆಂದು ತಜ್ಞೆ ಮುಂದಾದರು. ನಿಮ್ಮ ಹೊಸ ವ್ಯವಸ್ಥೆ ಒಪ್ಪಲಿಲ್ಲ. ಹಳೆಯ ರೋಗಿಯ ಹಳೆಯ ಹೊಂದಿಕೆ ಬಂದು ಸೇರಿದ ಮೇಲಷ್ಟೇ ಹೊಸದಕ್ಕೆ ಅನುಮತಿಯಂತೆ. ಆ ಹಳೆಯದಿರುವ ಕಂಪ್ಯೂಟರು, ಮೂರು ಚೀಟಿಗಳ ಸಮೇತ, ಬರುವ ಸೋಮವಾರ ಗುಜರಿಗೆ ಹೋಗುತ್ತಿದೆ.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಈಗ ಉಣ್ಣುವುದು, ಮಲಗುವುದು ಮಾತ್ರ ಉಳಿದಿದೆ. ಅತ್ತೆ ಕೆಲವು ದಿನ ಕೂಗಿ ನೋಡಿದರು. ಕೂಗಿದರೆ ಬೀದಿಗೆಲ್ಲ ಕೇಳಿಸುತ್ತದೆ, ಮಾವನಿಗೆ ಕೇಳಿಸುವುದಿಲ್ಲ. ಈಗ "ಏನಂದೆ?" ಎಂದು ಮಾವ ಕೇಳಿದರೆ "ಏನಿಲ್ಲ ಬಿಡಿ" ಎಂದು ಕೈಯಾಡಿಸಿ ಹೋಗುತ್ತಾರೆ. ಮೊನ್ನೆ ಮಾವ ಒದ್ದೆ ಟವಲನ್ನು ಬೇಕೆಂದೇ ಹಾಸಿಗೆಯ ಮೇಲೆ ಹಾಕಿ, ಅತ್ತೆಯ ಮುಖವನ್ನೇ ನೋಡುತ್ತ ನಿಂತರು. ಅತ್ತೆ ಒಂದು ಮಾತೂ ಆಡದೆ ಅದನ್ನೆತ್ತಿ ಒಣಹಾಕಿದರು. ನನಗೆ ಅಳು ಬಂತು.

ನಾನು ಕೇಳುವುದು ಇಷ್ಟೇ. ಸೋಮವಾರಕ್ಕೆ ಮೊದಲು ನೀವೇ ಎದ್ದು ಬಂದು ಆ ಹಲಗೆಗಳ ನಡುವೆ ನಿಲ್ಲಿ. ಆ ಕಂಪ್ಯೂಟರು ಯಾರದು ಎಂಬ ವಾದ ಆಮೇಲೆ ನಡೆಯಲಿ, ಅದರೊಳಗಿನ ಕಿವಿಗಳನ್ನು ಮೊದಲು ಮೂರೂ ತಂಡ ಹಂಚಿಕೊಳ್ಳುವಂತೆ ಮಾಡಿ. ನಮ್ಮ ಮಾವನದೊಂದೇ ಅಲ್ಲ, ಅಲ್ಲಿ ಇನ್ನೂ ಎಷ್ಟೋ ಮನೆಗಳ ಮಾತಿದೆ. ಕಷ್ಟವೆನಿಸಿದರೆ, ಸ್ಟೇಪ್ಲರ್ ದಾಟಿಸಿದವರನ್ನು ಕೇಳಿ, ಹೇಳಿಕೊಡುತ್ತಾರೆ.

ಇಂತಿ,
ಅತ್ತೆ ಮಾವನ ನಡುವೆ ಪಂಚಾಯಿತಿ ಮಾಡುವ ಕೆಲಸ ಕಳೆದುಕೊಂಡು ಸುಮ್ಮನೆ ಕೂತಿರುವ ಸೊಸೆ