ಬಿತ್ತನೆ ಹೊತ್ತಿಗೆ ಏರುವ ಸೂಚ್ಯಂಕ

ಮೊಳಕಾಲ್ಮೂರು
೧೦ ಜೂನ್ ೨೦೦೯

ಪ್ರೀತಿಯ ಯಜಮಾನರಿಗೆ,

ನಿಮ್ಮ ಶೈಲಜಾಳ ನಮಸ್ಕಾರಗಳು. ಇಲ್ಲಿ ಅವ್ವ, ಶಶಿಕಾಂತಣ್ಣ ಕ್ಷೇಮವಾಗಿದ್ದಾರೆ. ನನ್ನದನ್ನು ನೀವೇ ಊಹಿಸಿಕೊಳ್ಳಿ. ಫೋನು ಎತ್ತಲಿಲ್ಲವೆಂದು ಕೋಪ ಬೇಡ. ನಿಮ್ಮ ದನಿ ಕೇಳಿದರೆ ಹೇಳಬೇಕಾದದ್ದು ಮರೆತು ಅಳುತ್ತೇನೆ, ಅದಕ್ಕೇ ಈ ಕಾಗದ.

ನಿಮ್ಮ ಪತ್ರ ಮತ್ತೆ ಮತ್ತೆ ಓದಿದೆ. ಸೂಚ್ಯಂಕ ಮೇಲೆದ್ದಿದೆ, ಇಂಡೆಕ್ಸ್ ಫಂಡಿನಲ್ಲಿ ಹಾಕಿದ್ದು ಪೂರ್ತಿ ಬರದಿದ್ದರೂ ಮಕ್ಕಳಾಗುವ ಚಿಕಿತ್ಸೆಗೆ ಒಂದು ಸಲಕ್ಕೆ ಸಾಕು, ಮಾರಿಬಿಡುತ್ತೇನೆ, ಸೋಮವಾರ ದಾವಣಗೆರೆ ಡಾಕ್ಟರಮ್ಮನ ಹತ್ತಿರ ಹೊತ್ತು ಗೊತ್ತುಮಾಡಿದ್ದೇನೆ, ಹೊರಟು ಬಾ ಎಂದಿದ್ದೀರಿ. ಚುನಾವಣೆಯ ಫಲಿತಾಂಶ ಬಂದ ಮೇಲಿನ ಸೋಮವಾರ ನಾನೂ ಟೀವಿ ನೋಡಿದೆ. ಸೂಚ್ಯಂಕ ಒಂದೇ ಏಟಿಗೆ ಎಷ್ಟು ಏರಿತೆಂದರೆ ಅವತ್ತಿನ ವ್ಯಾಪಾರವನ್ನೇ ನಿಲ್ಲಿಸಿಬಿಟ್ಟರಂತೆ. ಶಶಿಕಾಂತಣ್ಣ ಚಪ್ಪಾಳೆ ತಟ್ಟಿದ. ನಾನು ಎದ್ದು ಅಡುಗೆಮನೆಗೆ ಹೋದೆ.

ಸೂಚ್ಯಂಕ ಎಂದರೇನೆಂದು ನನಗೆ ಕಲಿಸಿದವರು ನೀವೇ ಅಲ್ಲವೇ? ಚಳ್ಳಕೆರೆ ಮಂಡಿಯಿಂದ ಬಂದು, ಪಂಚೆಗಂಟಿದ ಶೇಂಗಾ ಸಿಪ್ಪೆ ಕೊಡವಿ, ನಡುಮನೆಯಲ್ಲಿ ಕೂತು ಪಾಠ ಮಾಡುತ್ತಿದ್ದಿರಿ. ‘ರೈತ ಮಾರಾಕೆ ತಂದ ಲಾಟಿನಾಗಿರೋ ಎಲ್ಲಾ ಚೀಲ ಬಿಚ್ತೀವೇನೇ? ಅಲ್ಲೊಂದು ಇಲ್ಲೊಂದು ಚೀಲದಾಗೆ ಕೈ ಹಾಕಿ ಹಿಡಿ ತಗೀತೀವಿ, ಒಡೆದು ಕಾಳು ನೋಡಿ ರೇಟು ಕೂಗ್ತೀವಿ. ಸೆನ್ಸೆಕ್ಸೂ ಹಂಗೇ ಐತೆ. ಮೂವತ್ತು ದೊಡ್ಡ ಕಂಪನಿಗಳೇ ಆ ಹಿಡಿ.’ ಹಿಡಿಯಲ್ಲಿ ಜೊಳ್ಳು ಬಂದರೆ ಎಂದು ನಾನು ರೇಗಿಸಿದ್ದೆ. ಜೊಳ್ಳನ್ನು ತೆಗೆದು ಗಟ್ಟಿ ಕಾಯಿ ಹಾಕುತ್ತಾರೆ, ಅದಕ್ಕೇ ಒಂದೊಂದೇ ಆರಿಸುವ ಬದಲು ಹಿಡಿಯನ್ನೇ ಕೊಳ್ಳಬೇಕು, ಇಂಡೆಕ್ಸ್ ಫಂಡು ಎಂದರೆ ಅದೇ ಎಂದಿದ್ದಿರಿ. ಮಕ್ಕಳಿಲ್ಲದ ಮನೆಯಲ್ಲಿ ಸಂಜೆಗಳು ಉದ್ದ. ಆ ಪಾಠದಿಂದ ನಮ್ಮ ಸಂಜೆಗಳು ಚೆನ್ನಾಗಿ ಕಳೆಯುತ್ತಿದ್ದವು.

ಅಪ್ಪ ನನ್ನ ಹೆಸರಿಗೆ ಬಿಟ್ಟುಹೋದ ಸೈಟು ಮಾರಿದಾಗ ಬಂದ ಹಣ ಒಂದು ಸಲದ ಚಿಕಿತ್ಸೆಗೆ ಧಾರಾಳವಾಗಿತ್ತು. ವಯಸ್ಸಾಗುತ್ತಿದೆ, ತಡಮಾಡಬೇಡಿ ಎಂದು ಡಾಕ್ಟರಮ್ಮ ನಿಮ್ಮೆದುರಿಗೇ ಹೇಳಿದ್ದರು. ನೀವು, ‘ಒಂದು ಸಲ ಕೈಕೊಟ್ರೆ ನೀನು ತಡ್ಕಳಲ್ಲ ಕಣೆ, ಎರಡು ಸಲಕ್ಕಾಗೋ ಹಂಗೆ ಮಾಡ್ತೀನಿ. ಬಿತ್ತನೆ ಹೊತ್ತಿಗೆ ಏರ್ತೈತೆ ನೋಡ್ತಿರು’ ಎಂದು ಹೋದ ವರ್ಷ ಸಂಕ್ರಾಂತಿಗೆ ಎಲ್ಲವನ್ನೂ ಫಂಡಿಗೆ ಹಾಕಿದಿರಿ. ಹಬ್ಬದ ಎಳ್ಳುಬೆಲ್ಲ ಇನ್ನೂ ಡಬ್ಬಿಯಲ್ಲಿರುವಾಗಲೇ ಸೂಚ್ಯಂಕ ಕುಸಿಯಿತು. ಸುಗ್ಗಿಯಲ್ಲಿ ಶೇಂಗಾ ಕೂಡ ಇಳಿಯುತ್ತದೆ ಎಂದು ನಕ್ಕಿರಿ.

ಸುಗ್ಗಿಯಲ್ಲಿ ಕೊಂಡು ಬಿತ್ತನೆಗೆ ಮಾರುವುದು ನಿಮಗೆ ತಾತನ ಕಾಲದಿಂದ ಬಂದ ವಿದ್ಯೆ. ಸೂಚ್ಯಂಕಕ್ಕೆಲ್ಲಿದೆ ಸುಗ್ಗಿ, ಅದಕ್ಕೆಲ್ಲಿದೆ ಬಿತ್ತನೆ? ಇಡೀ ಪಾಠ ಹೇಳಿದವರು ಅದೊಂದನ್ನು ಯೋಚಿಸಲಿಲ್ಲ. ಮಳೆ ಬಂತು, ರೈತರು ಬಿತ್ತಿದರು, ಸೂಚ್ಯಂಕ ಇಳಿಯುತ್ತಲೇ ಹೋಯಿತು. ಇರುವಷ್ಟನ್ನು ಮಾರಿ ಹೋಗೋಣ ಬನ್ನಿ ಎಂದೆ. ‘ನಷ್ಟಕ್ಕೆ ಮಾರಿ ಬಜಾರದಾಗೆ ಮುಖ ಹೆಂಗ್ ತೋರಿಸ್ಲಿ’ ಎಂದಿರಿ. ಅಣ್ಣ ಕೊಡುತ್ತೇನೆಂದಾಗ ಅದೂ ಬೇಡವೆಂದಿರಿ. ದೀಪಾವಳಿಯ ಹೊತ್ತಿಗೆ ಒಂದು ಸಲಕ್ಕೂ ಸಾಲದಷ್ಟಾಯಿತು. ಊಟಕ್ಕಿಲ್ಲದ ಉಪ್ಪಿನಕಾಯಿ ಯಾತಕ್ಕೆ ಎಂದು ಕೂಗಾಡಿ ತವರಿನ ಬಸ್ಸು ಹತ್ತಿದವಳು ನಾನೇ.

ನಿಮ್ಮ ತಂದೆ ಕೊಟ್ಟೂರಪ್ಪನವರು ಬಿತ್ತನೆಗೆ ಎತ್ತಿಟ್ಟ ಕಾಯನ್ನು ಎಂಥ ರೇಟು ಬಂದರೂ ಮಂಡಿಗೆ ಹಾಕುತ್ತಿರಲಿಲ್ಲವಂತೆ. ನಮ್ಮ ಹಣವೂ ಎತ್ತಿಟ್ಟ ಕಾಯೇ ಆಗಿತ್ತು. ನನ್ನ ಮೇಲಿನ ಪ್ರೀತಿಗೇ ಹಾಗೆ ಮಾಡಿದಿರೆಂದು ಗೊತ್ತು. ಗೊತ್ತಿರುವುದರಿಂದಲೇ ಬಾಯ್ತುಂಬ ಬೈಯಲೂ ಆಗದೆ ಒಳಗೇ ಬೆಂದುಹೋದೆ.

ಈಗ ನನ್ನದೊಂದು ಮಾತು ಕೇಳಿ. ಫಂಡನ್ನು ಮಾರಬೇಡಿ. ಹತ್ತು ಹದಿನೈದು ವರ್ಷ ಮುಟ್ಟದೆ ಬಿಟ್ಟರೆ ಮಾತ್ರ ಹಿಡಿ ಕಾಯಿ ಚೀಲವಾಗುತ್ತದೆ ಎಂದು ನೀವೇ ಹೇಳಿದ್ದಿರಲ್ಲ, ಹಾಗೇ ಬಿಡಿ. ದಿನಾ ಬೆಳಿಗ್ಗೆ ಪೇಪರಿನಲ್ಲಿ ಅದನ್ನು ಹುಡುಕುವ ಚಟವನ್ನೂ ಬಿಡಿ. ಸೋಮವಾರ ನಾನು ಬರುವುದಿಲ್ಲ. ನೀವೂ ದಾವಣಗೆರೆಗೆ ಹೋಗಬೇಡಿ.

ಪಕ್ಕದ ಮನೆ ಯರ್ರಮ್ಮ, ‘ಎಪ್ಪುಡು ಪೋತಾವಮ್ಮಾ ಮೀ ಊರಿಕಿ’ ಎಂದು ತನ್ನ ತೆಲುಗಿನಲ್ಲಿ, ನಿಮ್ಮೂರಿಗೆ ಯಾವಾಗ ಹೋಗುತ್ತೀ ಎಂದು ಕೇಳುತ್ತಲೇ ಇರುತ್ತಾಳೆ. ಅಣ್ಣನ ಮಗ್ಗದ ಸೀರೆಗಳಿಗೆ ಕುಚ್ಚು ಕಟ್ಟುವ ಕೆಲಸ ಹಿಡಿದಿದ್ದೇನೆ, ಮುಗಿಯಲಿ ಎನ್ನುತ್ತೇನೆ. ಮುಗಿಯುವ ಕೆಲಸವಲ್ಲವೆಂದು ಅವಳಿಗೂ ಗೊತ್ತು. ಮಂಡಿಯ ಧೂಳಿಗೆ ನಿಮಗೆ ಕೆಮ್ಮು ಬರುತ್ತದೆ, ಮೂಗಿಗೆ ಟವೆಲ್ಲು ಕಟ್ಟಿಕೊಳ್ಳಿ. ಖಾನಾವಳಿಯ ಖಾರದ ಊಟ ಬಿಟ್ಟು ಮನೆಯಲ್ಲೇ ಒಂದು ಮುದ್ದೆ ತಿರುವಿಕೊಳ್ಳಿ. ನಿಮಗೆ ಬರುತ್ತದೆ, ಸೋಮಾರಿತನ ಅಷ್ಟೇ.

ಎಲ್ಲಿದ್ದರೂ ನಿಮ್ಮವಳೇ ಆದ,
ಶೈಲಜಾ

ತಾ.ಕ.: ಕಾಗದ ಮಡಿಸಿದ ಮೇಲೆ ಮತ್ತೆ ಬಿಚ್ಚಿದೆ. ಬೇಡವೆಂದರೂ ನೀವು ಸೋಮವಾರ ಹೋಗಿಯೇ ಹೋಗುತ್ತೀರಿ, ಡಾಕ್ಟರಮ್ಮನ ಬಾಯಿಂದ ಕೇಳುತ್ತೀರಿ. ಅದಕ್ಕಿಂತ ನಾನೇ ಹೇಳುವುದು ಒಳ್ಳೆಯದು. ಯುಗಾದಿ ಕಳೆದ ಮೇಲೆ ಅವ್ವ ತನ್ನ ಎರಡೆಳೆ ಸರ ಮಾರಿ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದಳು. ಪರೀಕ್ಷೆಗಳೆಲ್ಲ ಆದವು. ಹೋದ ವರ್ಷ ಬಂದಿದ್ದರೆ ನೋಡಬಹುದಿತ್ತು, ಈಗ ಮೊಟ್ಟೆಗಳೇ ಉಳಿದಿಲ್ಲ, ಇನ್ನು ಆಗುವುದಿಲ್ಲ ಎಂದರು. ಫಂಡು ಮಾರಬೇಡಿ ಎಂದದ್ದು ಅದಕ್ಕೇ. ಇನ್ನು ನಮಗೆ ಯಾವ ಅವಸರವೂ ಇಲ್ಲ.